ಪೇಸ್ಟ್‌ಗೆ ಕೈ ಹಾಕುವ ಮುಂಚೆ: ಮನೆಯಲ್ಲೇ ಜೋಡಿಸಿದ ಪಿಸಿಯ ಪ್ರೊಸೆಸರ್ ಯಾಕೆ ಬಿಸಿಯಾಗ್ತಿದೆ ಅಂತ ಹಂತ ಹಂತವಾಗಿ ಹುಡುಕುವುದು

ಬೇಸಿಗೆ ಶುರುವಾದರೆ ಸಾಕು, ನನಗೆ ಬರುವ ಮೆಸೇಜುಗಳೆಲ್ಲ ಒಂದೇ ಥರ. "ಹೊಸ ಪಿಸಿ ಜೋಡಿಸಿದೆ, ಗೇಮ್ ಆಡುವಾಗ 90 ಡಿಗ್ರಿ ತೋರಿಸ್ತಿದೆ, ಯಾವ ಪೇಸ್ಟ್ ತಗೊಳ್ಳಲಿ?" ಪೇಸ್ಟ್ ಅಂದರೆ ಪ್ರೊಸೆಸರ್‌ಗೂ ಅದರ ಮೇಲೆ ಕೂರುವ ಕೂಲರ್‌ಗೂ ನಡುವೆ ಬಳಿಯುವ, ಬಿಸಿ ದಾಟಿಸುವ ಥರ್ಮಲ್ ಪೇಸ್ಟ್. ಕೇಳುವಷ್ಟರಲ್ಲಿ ಅವರು ಒಂದು ಸಲ ಪೇಸ್ಟ್ ಬದಲಿಸಿಯೂ ಆಗಿರುತ್ತದೆ. ಟೆಂಪರೇಚರ್ ಮಾತ್ರ ಇದ್ದಲ್ಲೇ ಇರುತ್ತದೆ.

ನಾನೂ ಇದೇ ತಪ್ಪು ಮಾಡಿದವನೇ. ಒಂದೇ ವಾರದಲ್ಲಿ ಮೂರು ಸಲ ಪೇಸ್ಟ್ ಬಳಿದಿದ್ದೆ. ಕೆಲಸ ಗೊತ್ತಿಲ್ಲದೆ ಕೆಟ್ಟಿದ್ದಲ್ಲ, ಮಾಡಿದ ಸರದಿ ತಪ್ಪಾಗಿತ್ತು. ಕೂಲರ್ ಬಿಚ್ಚುವುದು ಕೊನೆಯ ಕೆಲಸ. ಅದಕ್ಕೂ ಮುಂಚೆ ಅಳೆಯಬೇಕು, ಹೋಲಿಸಬೇಕು, ಸುಲಭದ ಕಾರಣಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಬೇಕು. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಸರದಿಯಲ್ಲಿ ಮಾಡಿ. ಮಧ್ಯದಲ್ಲಿ ಉತ್ತರ ಸಿಕ್ಕರೆ ಅಲ್ಲೇ ನಿಲ್ಲಿಸಿ, ಮುಂದಿನದ್ದು ಬೇಡ.

ಏನೇನು ಬೇಕು

ಮೊದಲ ನಾಲ್ಕು ಹಂತಕ್ಕೆ ಎರಡು ಸಾಫ್ಟ್‌ವೇರ್ ಸಾಕು. ಟೆಂಪರೇಚರ್ ನೋಡಲು ಎಚ್‌ಡಬ್ಲ್ಯೂಇನ್ಫೋ64, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡಲು ಸಿನೆಬೆಂಚ್ ಆರ್23. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಜೊತೆಗೆ ಒಂದು ರೂಮ್ ಥರ್ಮಾಮೀಟರ್, ಒಂದು ಪೆನ್ನು, ಒಂದು ಹಾಳೆ. ಫೋನಿನಲ್ಲಿ ಬರುವ ಹವಾಮಾನದ ನಂಬರ್ ಇಲ್ಲಿ ಉಪಯೋಗಕ್ಕಿಲ್ಲ. ಅದು ಊರಿನದ್ದು, ನಮಗೆ ಬೇಕಿರುವುದು ಪಿಸಿ ಇಟ್ಟಿರುವ ಕೋಣೆಯದ್ದು.

ಆಮೇಲಿನ ಹಂತಗಳಿಗೆ ನಕ್ಷತ್ರ ತಲೆಯ ಸ್ಕ್ರೂಡ್ರೈವರ್, ಮೆತ್ತನೆಯ ಪೇಂಟ್ ಬ್ರಷ್, ಗಾಳಿ ಊದುವ ಬ್ಲೋವರ್ ಇರಲಿ. ಕೂಲರ್ ಬಿಚ್ಚುವ ತನಕ ಹೋದರೆ ಥರ್ಮಲ್ ಪೇಸ್ಟ್, ನೂಲು ಬಿಡದ ಬಟ್ಟೆ, ಶೇಕಡಾ 90ಕ್ಕಿಂತ ಜಾಸ್ತಿ ಶುದ್ಧವಿರುವ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಎಲ್ಲವೂ ಸಿಗುತ್ತವೆ. ಬೇರೆ ಊರಿನವರು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ, ಬೋರ್ಡ್ ತೊಳೆಯಲು ಅವರೂ ಇದನ್ನೇ ಬಳಸುತ್ತಾರೆ. ಕೋವಿಡ್ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಬೇಡ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒರೆಸಿದ ಮೇಲೂ ಜಿಡ್ಡು ಉಳಿಯುತ್ತದೆ. ನೇಲ್ ಪಾಲಿಷ್ ರಿಮೂವರ್ ಅಂತೂ ಬೇಡವೇ ಬೇಡ.

ಹಂತ 1: ಸರಿಯಾದ ನಂಬರ್ ಓದಿ

ಎಚ್‌ಡಬ್ಲ್ಯೂಇನ್ಫೋ ತೆರೆಯುವಾಗ 'ಸೆನ್ಸರ್ಸ್ ಓನ್ಲಿ' ಅನ್ನುವುದಕ್ಕೆ ಟಿಕ್ ಹಾಕಿ. ನೂರಾರು ಸಾಲು ಬರುತ್ತವೆ, ಗಾಬರಿ ಬೇಡ. ಇಂಟೆಲ್ ಪ್ರೊಸೆಸರ್ ಇದ್ದರೆ 'ಸಿಪಿಯು ಪ್ಯಾಕೇಜ್' ಅನ್ನುವ ಸಾಲು. ಎಎಂಡಿ ರೈಜನ್ ಇದ್ದರೆ 'ಟಿಸಿಟಿಎಲ್/ಟಿಡೈ' ಅನ್ನುವ ಸಾಲು. ನಮಗೆ ಬೇಕಾದ ಟೆಂಪರೇಚರ್ ಇದೇ.

ಕೆಳಗೆ ಮದರ್‌ಬೋರ್ಡ್ ವಿಭಾಗದಲ್ಲಿ ಬರೀ 'ಸಿಪಿಯು' ಅಂತ ಇನ್ನೊಂದು ಸಾಲು ಇರಬಹುದು. ಎಷ್ಟೋ ಜನ ಅದನ್ನು ನೋಡಿ ನೆಮ್ಮದಿಯಾಗಿರುತ್ತಾರೆ, ಇಲ್ಲವೇ ಸುಮ್ನೆ ಹೆದರಿರುತ್ತಾರೆ. ಅದನ್ನು ಬಿಟ್ಟುಬಿಡಿ. ಹೆಸರಿಲ್ಲದ ಸೆನ್ಸರ್‌ಗಳು ಮೈನಸ್ 60, ಪ್ಲಸ್ 120 ಅಂತ ಏನೇನೋ ತೋರಿಸುವುದೂ ಉಂಟು. ಅಲ್ಲಿ ಸೆನ್ಸರೇ ಇರುವುದಿಲ್ಲ, ಖಾಲಿ ಜಾಗದ ನಂಬರ್ ಅದು.

ಹಳೆಯ ರೈಜನ್ ಇಟ್ಟುಕೊಂಡವರಿಗೆ ಒಂದು ಮಾತು. 2017ರ ರೈಜನ್ 7 1700ಎಕ್ಸ್, 1800ಎಕ್ಸ್ ಚಿಪ್‌ಗಳು ಟಿಸಿಟಿಎಲ್‌ನಲ್ಲಿ ನಿಜಕ್ಕಿಂತ 20 ಡಿಗ್ರಿ ಜಾಸ್ತಿ ಹೇಳುತ್ತಿದ್ದವು, 2700ಎಕ್ಸ್ 10 ಡಿಗ್ರಿ ಜಾಸ್ತಿ. ಫ್ಯಾನ್ ಬೇಗ ತಿರುಗಲಿ ಅಂತ ಬೇಕಂತಲೇ ಹಾಗೆ ಮಾಡಿದ್ದು. ಅಂಥ ಚಿಪ್ ಇದ್ದರೆ ಟಿಡೈ ಅಂತ ಬೇರೆಯಾಗಿ ತೋರಿಸುವ ನಂಬರ್ ನೋಡಿ.

ಇನ್ನೆರಡು ಸಾಲುಗಳನ್ನೂ ಗುರುತು ಮಾಡಿಕೊಳ್ಳಿ. ಒಂದು, ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತಿದೆ ಅನ್ನುವುದು: ಇಂಟೆಲ್‌ನಲ್ಲಿ 'ಸಿಪಿಯು ಪ್ಯಾಕೇಜ್ ಪವರ್', ಎಎಂಡಿಯಲ್ಲಿ 'ಸಿಪಿಯು ಪಿಪಿಟಿ'. ಇನ್ನೊಂದು, 'ಥರ್ಮಲ್ ಥ್ರಾಟ್ಲಿಂಗ್' (ಬಿಸಿ ಜಾಸ್ತಿಯಾಗಿ ಚಿಪ್ ತಾನೇ ವೇಗ ಇಳಿಸಿಕೊಳ್ಳುವುದು) ಎದುರಿಗೆ ಯೆಸ್ ಇದೆಯೋ ನೋ ಇದೆಯೋ. ವ್ಯಾಟ್ ನೋಡದೆ ಬರೀ ಡಿಗ್ರಿ ನೋಡುವುದು, ಒಲೆಯ ಉರಿ ಎಷ್ಟಿದೆ ಅಂತ ಬಗ್ಗಿ ನೋಡದೆ ಪಾತ್ರೆ ಸುಡ್ತಿದೆ ಅಂತ ಕೂಗಾಡಿದ ಹಾಗೆ.

ಹಂತ 2: ನಿಮ್ಮ ಚಿಪ್‌ಗೆ ಎಷ್ಟಾದರೆ ಜಾಸ್ತಿ?

"70 ದಾಟಬಾರದು" ಅನ್ನುವ ಮಾತು ಹಳೆಯ ಕಾಲದ್ದು. ಪ್ರತಿ ಚಿಪ್‌ಗೂ ತಯಾರಕರೇ ಒಂದು ಗರಿಷ್ಠ ಮಿತಿ ಇಟ್ಟಿರುತ್ತಾರೆ. ಇಂಟೆಲ್‌ನ 12, 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಸಾಮಾನ್ಯವಾಗಿ 100 ಡಿಗ್ರಿ. ರೈಜನ್ 5 3600, 5600ಎಕ್ಸ್‌ಗೆ 95. ರೈಜನ್ 7 5800ಎಕ್ಸ್‌ಗೆ 90. ರೈಜನ್ 7 7800ಎಕ್ಸ್3ಡಿಗೆ 89. ಮಿತಿ ಮುಟ್ಟಿದ ಕೂಡಲೇ ಚಿಪ್ ಸುಟ್ಟುಹೋಗುವುದಿಲ್ಲ. ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗಲೂ ಬಿಸಿ ಏರುತ್ತಲೇ ಹೋದರೆ ಪಿಸಿ ಆಫ್ ಆಗುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬಂದ ರೈಜನ್ 7600ಎಕ್ಸ್, 7700ಎಕ್ಸ್, 7900ಎಕ್ಸ್, 7950ಎಕ್ಸ್‌ಗಳ ವಿಷಯ ಬೇರೆಯೇ. ಭಾರೀ ಕೆಲಸ ಬಿದ್ದಾಗ 95 ಡಿಗ್ರಿವರೆಗೆ ಹೋಗಿ ಅಲ್ಲಿ ನಿಲ್ಲುವಂತೆಯೇ ಎಎಂಡಿ ಇವುಗಳನ್ನು ಮಾಡಿದೆ. ಜಾಗ ಇರುವ ತನಕ ವೇಗ ಏರಿಸುವುದು ಇವುಗಳ ಸ್ವಭಾವ. ಇವಕ್ಕೆ ದೊಡ್ಡ ಕೂಲರ್ ಹಾಕಿದರೆ ಡಿಗ್ರಿ ಇಳಿಯದೆ ವೇಗ ಒಂದಿಷ್ಟು ಏರಬಹುದು ಅಷ್ಟೇ. ದುಬಾರಿ ಕೂಲರ್ ತಂದು "ಒಂದು ಡಿಗ್ರಿಯೂ ಕಮ್ಮಿ ಆಗಲಿಲ್ಲ" ಅಂತ ಬೈಯುವವರು ಈ ಚಿಪ್ ಇರುವವರೇ.

ವ್ಯಾಟ್ ಮಿತಿಯನ್ನೂ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಎಂಡಿ ಡಬ್ಬದ ಮೇಲೆ 65 ವ್ಯಾಟ್ ಅಂದರೆ ನಿಜವಾಗಿ 88 ವ್ಯಾಟ್ ತನಕ ಹೋಗಬಹುದು, 105 ಅಂದರೆ 142, 170 ಅಂದರೆ 230. ಇಂಟೆಲ್ ಐ5-12400ಗೆ ಮೂಲ 65, ಗರಿಷ್ಠ 117. ಐ7-13700ಕೆಗೆ ಮೂಲ 125, ಗರಿಷ್ಠ 253. ಈ 253 ವ್ಯಾಟ್ ಬಿಸಿಯನ್ನು ಅಂಗೈಯಗಲದ ಕೂಲರ್ ಹೊರಹಾಕಲಿ ಅಂತ ಕೂತರೆ ಆಗದು.

ಹಂತ 3: ಹತ್ತು ನಿಮಿಷದ ಪರೀಕ್ಷೆ

ಪಿಸಿ ಆನ್ ಮಾಡಿ ಹತ್ತು ನಿಮಿಷ ಸುಮ್ನೆ ಬಿಡಿ. ಬ್ರೌಸರ್ ಬೇಡ, ಗೇಮ್ ಲಾಂಚರ್ ಬೇಡ. ಕೋಣೆಯ ಟೆಂಪರೇಚರ್ ಬರೆದುಕೊಳ್ಳಿ. ಪ್ರೊಸೆಸರ್ ಟೆಂಪರೇಚರ್, ವ್ಯಾಟ್, ಫ್ಯಾನಿನ ವೇಗವನ್ನೂ ಬರೆದುಕೊಳ್ಳಿ.

ಈಗ ಸಿನೆಬೆಂಚ್‌ನಲ್ಲಿ ಎಲ್ಲ ಕೋರ್‌ಗಳ ಹತ್ತು ನಿಮಿಷದ ಪರೀಕ್ಷೆ ಶುರು ಮಾಡಿ. ನಾಲ್ಕು ಸಲ ನಂಬರ್ ಬರೆಯಬೇಕು: 10 ಸೆಕೆಂಡಿಗೆ, 1 ನಿಮಿಷಕ್ಕೆ, 5 ನಿಮಿಷಕ್ಕೆ, 10 ನಿಮಿಷಕ್ಕೆ. ಪ್ರತಿ ಸಲವೂ ಡಿಗ್ರಿ, ವ್ಯಾಟ್, ಫ್ಯಾನ್ ವೇಗ, ಕೋರ್ ವೇಗ. ಪರೀಕ್ಷೆ ನಿಂತ ಕ್ಷಣ ಕಣ್ಣು ಪರದೆಯ ಮೇಲೇ ಇರಲಿ. ಎಷ್ಟು ಬೇಗ ಇಳಿಯಿತು ಅನ್ನುವುದನ್ನೂ ಬರೆಯಿರಿ.

ಪ್ರೈಮ್95 ಅನ್ನುವ ಸಾಫ್ಟ್‌ವೇರಿನ ಅತಿ ಭಾರದ ಪರೀಕ್ಷೆ ಸ್ಮಾಲ್ ಎಫ್‌ಎಫ್‌ಟಿ ಓಡಿಸಿ ಹೆದರಿಕೊಂಡು ಬರುವವರು ಬಹಳ. ದಿನನಿತ್ಯದ ಯಾವ ಕೆಲಸವೂ ಚಿಪ್ಪನ್ನು ಅಷ್ಟು ಬಿಸಿ ಮಾಡುವುದಿಲ್ಲ. ಮೊದಲ ಪರೀಕ್ಷೆಗೆ ಅದು ಬೇಡ.

ಕೋಣೆಯ ಟೆಂಪರೇಚರ್ ಯಾಕೆ ಅಂತ ಕೇಳುವವರಿಗೆ: ಕೂಲರ್ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಅದರ ಕೈಯಲ್ಲಿರುವುದು ಕೋಣೆಗೂ ಚಿಪ್‌ಗೂ ಇರುವ ಅಂತರ ಮಾತ್ರ. ಡಿಸೆಂಬರ್‌ನಲ್ಲಿ 24 ಡಿಗ್ರಿಯ ಕೋಣೆಯಲ್ಲಿ 70 ತೋರಿಸಿದರೆ ಅಂತರ 46. ಅದೇ ಪಿಸಿ, ಅದೇ ಕೆಲಸ, ಮೇ ತಿಂಗಳಲ್ಲಿ ಕೋಣೆ 38 ಡಿಗ್ರಿ ಅಂದರೆ 84ರ ಆಸುಪಾಸು ಬರಲೇಬೇಕು. ಏನೂ ಕೆಟ್ಟಿಲ್ಲ. ಕಲಬುರಗಿ, ರಾಯಚೂರಿನ ಕಡೆ ಹೊರಗೆ 40 ದಾಟುವಾಗ ಬೆಂಗಳೂರಿನವರ ಸ್ಕ್ರೀನ್‌ಶಾಟ್ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಬೇರೆಯವರ ಪಿಸಿ ಜೊತೆ ಹೋಲಿಸುವುದಿದ್ದರೆ ಅಂತರವನ್ನು ಹೋಲಿಸಿ, ಅದೂ ಒಂದೇ ವ್ಯಾಟ್‌ನಲ್ಲಿ.

ಹಂತ 4: ಬಿಸಿ ಏರಿದ ರೀತಿ ನೋಡಿ

ಈ ಬರಹದಲ್ಲಿ ಒಂದೇ ಹಂತ ಓದುತ್ತೀರಿ ಅಂದರೆ ಇದನ್ನು ಓದಿ. ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಹೇಗೆ ಏರಿತು ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಮೊದಲ ಹತ್ತು ಸೆಕೆಂಡಿನಲ್ಲೇ ಮಿತಿಗೆ ಬಡಿದರೆ: ವ್ಯಾಟ್ ನೋಡಿ. ಚಿಪ್ 60-70 ವ್ಯಾಟ್ ಎಳೆಯುವಾಗಲೇ 100 ಮುಟ್ಟಿತು ಅಂದರೆ ಬಿಸಿ ಕೂಲರ್‌ಗೆ ಹೋಗುತ್ತಲೇ ಇಲ್ಲ. ಕೂಲರ್ ಸರಿ ಕೂತಿಲ್ಲ, ಇಲ್ಲ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿಲ್ಲ, ಇಲ್ಲ ಲಿಕ್ವಿಡ್ ಕೂಲರಿನ (ನೀರು ಹರಿಸಿ ತಣಿಸುವ ಕೂಲರ್) ಪಂಪ್ ತಿರುಗುತ್ತಿಲ್ಲ. ಖಚಿತ ಮಾಡಿಕೊಳ್ಳಲು ಪರೀಕ್ಷೆ ನಡೆಯುವಾಗ ಹೀಟ್‌ಸಿಂಕಿನ (ಕೂಲರಿನ ಲೋಹದ ಭಾಗ) ಬುಡವನ್ನು ಬೆರಳಿನಿಂದ ಮುಟ್ಟಿ, ಫ್ಯಾನಿನ ರೆಕ್ಕೆಗೆ ಬೆರಳು ತಾಗದಂತೆ. ಪರದೆಯಲ್ಲಿ 100 ಇದ್ದು ಲೋಹ ತಣ್ಣಗಿದ್ದರೆ ಬೇರೆ ಸಾಕ್ಷಿ ಬೇಕಾ? ನೇರ 7ನೇ ಹಂತಕ್ಕೆ ಹೋಗಿ. ಆದರೆ ಅದೇ ಹತ್ತು ಸೆಕೆಂಡಿನಲ್ಲಿ ಚಿಪ್ 200 ವ್ಯಾಟ್ ಮೇಲೆ ಎಳೆಯುತ್ತಿದ್ದರೆ ಕೂಲರಿನ ತಪ್ಪಿಲ್ಲ, ಉರಿ ಜಾಸ್ತಿಯಾಗಿದೆ. ನಿಮ್ಮದು 6ನೇ ಹಂತ.

ಮೊದಲ ನಿಮಿಷ ಚೆನ್ನಾಗಿದ್ದು ಆಮೇಲೆ ನಿಧಾನಕ್ಕೆ ಏರುತ್ತಾ ಹೋದರೆ: 1 ನಿಮಿಷಕ್ಕೆ 74, 5 ನಿಮಿಷಕ್ಕೆ 83, 10ಕ್ಕೆ 89, ಇನ್ನೂ ನಿಂತಿಲ್ಲ. ಕೂಲರ್ ಚಿಪ್‌ನಿಂದ ಬಿಸಿ ತೆಗೆಯುತ್ತಿದೆ, ಆ ಬಿಸಿ ಕ್ಯಾಬಿನೆಟ್ ಬಿಟ್ಟು ಹೋಗುತ್ತಿಲ್ಲ. ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿದೆ. ಇದಕ್ಕೆ ಎಷ್ಟು ಪೇಸ್ಟ್ ಬಳಿದರೂ ದಂಡ. 5ನೇ ಹಂತ.

ಏನೂ ಕೆಲಸ ಇಲ್ಲದಾಗಲೇ 60-70 ಇದ್ದರೆ: ಮತ್ತೆ ವ್ಯಾಟ್ ನೋಡಿ. ಖಾಲಿ ಕೂತಾಗಲೂ 50-60 ವ್ಯಾಟ್ ಹೋಗುತ್ತಿದೆ ಅಂದರೆ ಹಿಂದೆ ಯಾವುದೋ ಪ್ರೋಗ್ರಾಂ ಓಡುತ್ತಿದೆ. ವಿಂಡೋಸ್ ಅಪ್‌ಡೇಟ್ ಇರಬಹುದು, ವೈರಸ್ ಸ್ಕ್ಯಾನ್ ಇರಬಹುದು. ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ವ್ಯಾಟ್ ಇಳಿದು, ಮುಚ್ಚಿದ ಮೇಲೆ ಮತ್ತೆ ಏರಿದರೆ ಅನುಮಾನ ಪಡಿ. ಕದ್ದುಮುಚ್ಚಿ ಕ್ರಿಪ್ಟೊ ಗಣಿಗಾರಿಕೆ ಮಾಡುವ ಕೆಲವು ವೈರಸ್‌ಗಳು ಹೀಗೇ ಅವಿತುಕೊಳ್ಳುತ್ತವೆ. ಕ್ರ್ಯಾಕ್ ಮಾಡಿದ ಗೇಮ್ ಹಾಕಿದವರು ಇಲ್ಲಿ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು. ವ್ಯಾಟ್ ಕಮ್ಮಿ ಇದ್ದೂ ಡಿಗ್ರಿ ಜಾಸ್ತಿ ಇದ್ದರೆ ಮಾತ್ರ ಕೂಲರ್ ಕಡೆ ನೋಡಿ.

40ರಿಂದ 60ಕ್ಕೆ ಹಾರಿ ಮತ್ತೆ 42ಕ್ಕೆ ಬರುತ್ತಿದ್ದರೆ: ಒಂದು ಫೋಲ್ಡರ್ ತೆರೆದರೂ ಹಾರುತ್ತದೆ, ಜೊತೆಗೆ ಫ್ಯಾನ್ ಗುಂಯ್ ಅನ್ನುತ್ತದೆ. ರೈಜನ್‌ಗಳಲ್ಲಿ ಇದು ಮಾಮೂಲು. ಕೋರ್‌ಗಳಿರುವ ತುಂಡು ಸುಮಾರು 70-80 ಚದರ ಮಿಲಿಮೀಟರ್ ಅಷ್ಟೇ, ಉಗುರಿನಷ್ಟು. ಅಷ್ಟು ಚಿಕ್ಕ ಜಾಗದಲ್ಲಿ ಒಂದು ಕೋರ್ ಪೂರ್ತಿ ವೇಗಕ್ಕೆ ಎದ್ದರೆ ಆ ಬಿಸಿ ಲೋಹಕ್ಕೆ ಹರಡುವ ಮುಂಚೆಯೇ ಸೆನ್ಸರ್ ಓದಿಬಿಟ್ಟಿರುತ್ತದೆ. ಸರಿಪಡಿಸಬೇಕಾದದ್ದು ಟೆಂಪರೇಚರ್ ಅಲ್ಲ, ಫ್ಯಾನಿನ ಸದ್ದು. ಅದಕ್ಕೆ ಮದ್ದು 6ನೇ ಹಂತದಲ್ಲಿದೆ.

ಪರೀಕ್ಷೆ ನಿಂತ ಒಂದೆರಡು ಸೆಕೆಂಡಿನಲ್ಲೇ 20 ಡಿಗ್ರಿಗೂ ಮೇಲೆ ಇಳಿದರೆ ಚಿಪ್‌ಗೂ ಕೂಲರ್‌ಗೂ ನಡುವಿನ ಸಂಬಂಧ ಚೆನ್ನಾಗಿದೆ ಅಂತ ಸಾಮಾನ್ಯವಾಗಿ ಹೇಳಬಹುದು.

ಹಂತ 5: ಗಾಳಿ, ಧೂಳು, ಇಟ್ಟ ಜಾಗ

ಮೊದಲು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಹತ್ತು ನಿಮಿಷದ ಪರೀಕ್ಷೆ ಮಾಡಿ. ಟೆಂಪರೇಚರ್ 5 ಡಿಗ್ರಿಗಿಂತ ಜಾಸ್ತಿ ಇಳಿದರೆ ತೊಂದರೆ ಗಾಳಿಯದ್ದು, ಅಲ್ಲಿಗೆ ಮುಗಿಯಿತು. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಈ ಹಂತವನ್ನು ಬೇಗ ದಾಟಿ. ಹಾಗಂತ ಬಾಗಿಲು ತೆಗೆದೇ ಇಟ್ಟು ಬಳಸಬೇಡಿ. ಧೂಳಷ್ಟೇ ಅಲ್ಲ, ನಮ್ಮ ಮನೆಗಳಲ್ಲಿ ಹಲ್ಲಿ, ಇರುವೆಗಳಿಗೂ ಬೆಚ್ಚಗಿನ ಜಾಗ ಇಷ್ಟ.

ಆಮೇಲೆ ಪಿಸಿ ಇಟ್ಟ ಜಾಗ. ನಮ್ಮಲ್ಲಿ ಸಿಗುವ ಕಂಪ್ಯೂಟರ್ ಟೇಬಲ್‌ಗಳ ಬಲಗಡೆ ಕೆಳಗೆ ಒಂದು ಗೂಡು ಇರುತ್ತದಲ್ಲ, ಅದರಲ್ಲಿ ತುರುಕಿಟ್ಟರೆ ಹಿಂದೆ ಹೋದ ಬಿಸಿ ಗಾಳಿ ಹಲಗೆಗೆ ಬಡಿದು ಮುಂದಿನಿಂದ ವಾಪಸ್ ಬರುತ್ತದೆ. ಕಲಬುರಗಿಯ ಗೆಳೆಯನೊಬ್ಬ ಮೇ ತಿಂಗಳಲ್ಲಿ 95 ಡಿಗ್ರಿ ಅಂತ ಫೋನ್ ಮಾಡಿದ್ದ. ಹೊಸ ಕೂಲರ್ ಆರ್ಡರ್ ಮಾಡುವವನಿದ್ದ. ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆ ಎಳೆದು ಸ್ಟೂಲ್ ಮೇಲೆ ಇಡು ಅಂದೆ. 8 ಡಿಗ್ರಿ ಇಳಿಯಿತು, ಖರ್ಚು ಸೊನ್ನೆ. ಹಿಂದೆ ಮತ್ತು ಮೇಲೆ ಒಂದು ಗೇಣಾದರೂ ಜಾಗ ಬಿಡಿ. ಆನ್ ಇರುವಾಗ ಅಮ್ಮ ಹೊಲಿದ ಕವರ್ ಹೊದಿಸಬೇಡಿ, ಪ್ರೀತಿ ಬೇರೆ ಗಾಳಿ ಬೇರೆ.

ಫ್ಯಾನ್‌ಗಳ ದಿಕ್ಕು ನೋಡಿ. ಸಾಮಾನ್ಯ ಫ್ಯಾನಿನಲ್ಲಿ ರೆಕ್ಕೆಗಳು ತೆರೆದು ಕಾಣುವ ಕಡೆಯಿಂದ ಗಾಳಿ ಒಳಗೆ ಹೋಗುತ್ತದೆ, ಮೋಟಾರನ್ನು ಹಿಡಿದಿರುವ ಕಡ್ಡಿಗಳಿರುವ ಕಡೆಯಿಂದ ಹೊರಗೆ ಬರುತ್ತದೆ. ಮುಂದಿನ ಫ್ಯಾನ್ ಒಳಗೆ ಎಳೆಯಬೇಕು, ಹಿಂದಿನ ಮತ್ತು ಮೇಲಿನ ಫ್ಯಾನ್ ಹೊರಗೆ ತಳ್ಳಬೇಕು. ಬಣ್ಣದ ದೀಪ ಚೆನ್ನಾಗಿ ಕಾಣಲಿ ಅಂತ ಮುಂದಿನ ಮೂರೂ ಫ್ಯಾನ್ ಉಲ್ಟಾ ಹಾಕಿದ್ದನ್ನು ನಾನು ಒಂದಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ. ಅನುಮಾನ ಇದ್ದರೆ ಟಿಶ್ಯೂ ಕಾಗದದ ಚೂರು ಹಿಡಿದು ನೋಡಿ. ಮುಂದೆ ಪೂರ್ತಿ ಗಾಜಿನ ಕ್ಯಾಬಿನೆಟ್ ಕೊಂಡವರಿಗೆ ಗಾಳಿ ಬರುವುದು ಅಂಚಿನ ಸಂದಿಯಿಂದ ಮಾತ್ರ. ಅಂಥ ಕ್ಯಾಬಿನೆಟ್ ನಾನಂತೂ ಯಾರಿಗೂ ಹೇಳುವುದಿಲ್ಲ.

ಧೂಳು ತೆಗೆಯುವಾಗ ಪ್ಲಗ್ ಕಿತ್ತಿಡಿ. ಬ್ಲೋವರ್ ಹಿಡಿಯುವ ಮುಂಚೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕಿನ ಎಲೆಗಳ ಮೇಲ್ಭಾಗ ಚೊಕ್ಕ ಕಂಡರೂ ಫ್ಯಾನ್ ಕೆಳಗೆ ಕಂಬಳಿ ಥರ ಧೂಳು ಕೂತಿರುತ್ತದೆ. ಅಡುಗೆಮನೆ ಪಕ್ಕದಲ್ಲಿ, ಊದುಬತ್ತಿ ಹಚ್ಚುವ ಕೋಣೆಯಲ್ಲಿ ಪಿಸಿ ಇದ್ದರೆ ಆ ಧೂಳು ಜಿಡ್ಡಾಗಿರುತ್ತದೆ, ಬ್ಲೋವರ್‌ಗೆ ಬಗ್ಗುವುದಿಲ್ಲ, ಬ್ರಷ್ ಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಬೋರ್ಡ್‌ಗೆ ತಾಗಿಸಬೇಡಿ, ಸ್ಥಾಯಿ ವಿದ್ಯುತ್ತಿನ ಅಪಾಯ ಇದೆ.

ಹಂತ 6: ಬಯಾಸ್ ಒಳಗೆ

ಪಿಸಿ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಬಯಾಸ್, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ಸ್ ಪರದೆ ಬರುತ್ತದೆ. ಏನಾದರೂ ಬದಲಿಸುವ ಮುಂಚೆ ಇದ್ದ ಹಾಗೆಯೇ ಫೋಟೊ ತೆಗೆದಿಟ್ಟುಕೊಳ್ಳಿ.

ಇಂಟೆಲ್ ಬೋರ್ಡ್‌ಗಳಲ್ಲಿ ನೋಡಬೇಕಾದದ್ದು ಪಿಎಲ್1 (ಮೂಲ), ಪಿಎಲ್2 (ಗರಿಷ್ಠ) ಅನ್ನುವ ವ್ಯಾಟ್ ಮಿತಿಗಳು. ಎಷ್ಟೋ ಬೋರ್ಡ್‌ಗಳು ಡಬ್ಬದಿಂದ ತೆಗೆದಾಗಲೇ ಇವನ್ನು 4095ಕ್ಕೆ ಇಟ್ಟಿರುತ್ತವೆ. ಅಂದರೆ ಮಿತಿಯೇ ಇಲ್ಲ. ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್ ಅನ್ನುವ ಆಯ್ಕೆ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ 2ನೇ ಹಂತದಲ್ಲಿ ಬರೆದಿಟ್ಟ ಎರಡು ನಂಬರ್ ಕೈಯಾರೆ ಹಾಕಿ. ಎಲ್ಲ ಕೋರ್‌ಗಳನ್ನೂ ಮಿತಿ ಮೀರಿ ಓಡಿಸುವ ಮಲ್ಟಿಕೋರ್ ಎನ್‌ಹಾನ್ಸ್‌ಮೆಂಟ್ ಆನ್ ಇದ್ದರೆ ಆಫ್ ಮಾಡಿ. 13 ಮತ್ತು 14ನೇ ತಲೆಮಾರಿನ ಐ5, ಐ7, ಐ9 ಇರುವವರು ಬಯಾಸ್ ಅಪ್‌ಡೇಟ್ ತಪ್ಪಿಸಬೇಡಿ. ಜಾಸ್ತಿ ವೋಲ್ಟೇಜಿನಿಂದ ಈ ಚಿಪ್‌ಗಳು ಹಾಳಾಗುತ್ತಿದ್ದುದಕ್ಕೆ 2024ರ ಆಗಸ್ಟ್‌ನಿಂದ ಬಯಾಸ್ ಜೊತೆ ಹೊಸ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸಾಫ್ಟ್‌ವೇರ್) ಬಂದಿದೆ. ಅದು ಮುಂದಿನ ಹಾನಿ ತಡೆಯುತ್ತದೆ, ಆಗಲೇ ಕೆಟ್ಟದ್ದನ್ನು ಸರಿ ಮಾಡುವುದಿಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಮಾಡಿ.

ರೈಜನ್‌ನಲ್ಲಿ ವ್ಯಾಟ್ ಮಿತಿ ಸಡಿಲಿಸಿ ವೇಗ ಏರಿಸುವ ಪಿಬಿಒ ಆನ್ ಇದ್ದರೆ ಆಫ್ ಮಾಡಿ ಪರೀಕ್ಷಿಸಿ. 7600ಎಕ್ಸ್, 7700ಎಕ್ಸ್ ಥರದ್ದು ಇದ್ದು 95 ನೋಡಲು ಮನಸ್ಸು ಒಪ್ಪದಿದ್ದರೆ ವ್ಯಾಟ್ ಮಿತಿ ಇಳಿಸುವ, 65 ವ್ಯಾಟ್‌ನ ಇಕೋ ಮೋಡ್ ಹಾಕಿ. ಬಿಸಿ ಗಣನೀಯವಾಗಿ ಇಳಿಯುತ್ತದೆ, ಗೇಮ್‌ಗಳಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಹೊಸ ಕೂಲರ್ ಕೊಳ್ಳುವುದಕ್ಕಿಂತ ನನಗೆ ಇದೇ ಮೇಲು ಅನ್ನಿಸುತ್ತದೆ.

ಫ್ಯಾನ್ ಕರ್ವ್ (ಎಷ್ಟು ಡಿಗ್ರಿಗೆ ಫ್ಯಾನ್ ಎಷ್ಟು ವೇಗ ಅನ್ನುವ ಲೆಕ್ಕ): 50 ಡಿಗ್ರಿವರೆಗೆ ಶೇಕಡಾ 30, 70ಕ್ಕೆ 60, 85ಕ್ಕೆ 100. ಜೊತೆಗೆ ಸ್ಟೆಪ್ ಅಪ್ ಟೈಮ್ ಅಥವಾ ಫ್ಯಾನ್ ಡಿಲೇ ಅನ್ನುವುದನ್ನು ಮೂರು-ನಾಲ್ಕು ಸೆಕೆಂಡಿಗೆ ಇಡಿ. ಮೇಲೆ ಹೇಳಿದ ಗುಂಯ್ ಸದ್ದು ಅಲ್ಲಿಗೆ ನಿಲ್ಲುತ್ತದೆ.

ಹಂತ 7: ಕೊನೆಗೂ ಕೂಲರ್ ಬಿಚ್ಚುವುದು

ರೈಜನ್ 5000 ತನಕದ ಚಿಪ್‌ಗಳು ಕೂರುವ ಎಎಂ4 ಸಾಕೆಟ್ಟಿನ ಬೋರ್ಡ್ ಇದ್ದವರು ಎಚ್ಚರ. ಚಿಪ್ಪಿನ ಕಾಲುಗಳು ಚಿಪ್ಪಿನಲ್ಲೇ ಇರುತ್ತವೆ, ಒಣಗಿದ ಪೇಸ್ಟ್ ಅಂಟಿನ ಹಾಗೆ ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ ಕೂಲರ್ ಜೊತೆ ಚಿಪ್ಪೂ ಕಿತ್ತು ಬಂದು ಕಾಲು ಬಗ್ಗುತ್ತದೆ. ಹತ್ತು ನಿಮಿಷ ಪಿಸಿ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಸಡಿಲ ಮಾಡಿ. ಸಡಿಲವಾದ ಮೇಲೆ ಎತ್ತಿ.

ಈಗ ಹಳೆಯ ಪೇಸ್ಟಿನ ಗುರುತು ನೋಡಿ, ಒರೆಸುವ ಆತುರ ಬೇಡ. ಫೋಟೊ ತೆಗೆಯಿರಿ. ಚಿಪ್ಪಿನ ಪೂರ್ತಿ ಮೇಲ್ಮೈಗೆ ತೆಳ್ಳಗೆ ಹರಡಿದ್ದರೆ ಒತ್ತಡ ಸರಿಯಿತ್ತು. ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ ಇದ್ದರೆ ಕೂಲರ್ ಓರೆಯಾಗಿ ಕೂತಿತ್ತು.

ನನ್ನ ಕಥೆ ಇಲ್ಲೇ ಬರುವುದು. ಐ5-12400, ಡಬ್ಬದ ಜೊತೆ ಬಂದ ಕೂಲರ್. ಹತ್ತು ಸೆಕೆಂಡಿಗೆ 100. ಪೇಸ್ಟ್ ತೆಗೆದೆ, ಹಾಕಿದೆ, ಮತ್ತೆ 100. ಮೂರನೇ ಸಲ ಬಿಚ್ಚಿದಾಗ ತಳದ ಪೇಸ್ಟ್ ಅಡ್ಡಡ್ಡ ಇಳಿಜಾರಾಗಿ ಕಾಣಿಸಿತು. ಎಡ ಮೇಲಿನ ಮೂಲೆಯಲ್ಲಿ ಹಾಕಿದ ಹನಿ ಹಾಕಿದ ಹಾಗೇ ಗುಂಡಗೆ ಇತ್ತು, ಲೋಹ ಅದನ್ನು ಮುಟ್ಟೇ ಇರಲಿಲ್ಲ. ಈ ಕೂಲರನ್ನು ಬೋರ್ಡಿಗೆ ಹಿಡಿದಿಡುವುದು ನಾಲ್ಕು ಪ್ಲಾಸ್ಟಿಕ್ ಪಿನ್‌ಗಳು. ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ಮೂರು ಪಿನ್‌ಗಳ ಬಿಳಿ ತುದಿ ಅರಳಿ, ನಡುವೆ ಕಪ್ಪು ಕಡ್ಡಿ ಕಾಣುತ್ತಿತ್ತು. ನಾಲ್ಕನೆಯದರಲ್ಲಿ ಬಿಳಿ ತುದಿ ಮುಚ್ಚಿಕೊಂಡೇ ಇತ್ತು. ಒತ್ತುವಾಗ ಕೇಳಿಸಿದ ಟಕ್ ಶಬ್ದ ಪಕ್ಕದ ಪಿನ್ನಿನದ್ದು, ನಾನು ಇದರದ್ದು ಅಂದುಕೊಂಡಿದ್ದೆ. ಆ ಒಂದು ಪಿನ್ ಸರಿಯಾಗಿ ಒತ್ತಿದ ಮೇಲೆ 72.

ಇಂಥ ಪಿನ್‌ಗಳ ತಲೆಯ ಮೇಲೆ ಬಾಣದ ಗುರುತು ಇರುತ್ತದೆ. ಬಾಣದ ಕಡೆ ತಿರುಗಿಸುವುದು ಬಿಚ್ಚಲಿಕ್ಕೆ. ಕೂರಿಸುವ ಮುಂಚೆ ನಾಲ್ಕನ್ನೂ ಎದುರು ದಿಕ್ಕಿಗೆ ಪೂರ್ತಿ ತಿರುಗಿಸಿಡಿ, ಆಮೇಲೆ ಎದುರುಬದುರು ಮೂಲೆಯ ಎರಡನ್ನು ಒಟ್ಟಿಗೆ ಒತ್ತಿ, ನಂತರ ಉಳಿದೆರಡು. ಬೋರ್ಡಿನ ಹಿಂದೆ ನಾಲ್ಕೂ ಅರಳಿದ್ದನ್ನು ಕಣ್ಣಾರೆ ನೋಡಿ. ಕೂಲರ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಬೋರ್ಡೂ ಜೊತೆಗೇ ಅಲ್ಲಾಡಬೇಕು. ಸ್ಕ್ರೂ ಇರುವ ಕೂಲರ್ ಆದರೆ ಒಂದನ್ನು ಪೂರ್ತಿ ಬಿಗಿ ಮಾಡಿ ಮುಂದೆ ಹೋಗಬೇಡಿ. ಕಾರಿನ ಚಕ್ರದ ನಟ್ ಬಿಗಿ ಮಾಡುವ ಹಾಗೆ ಮೂಲೆಯಿಂದ ಮೂಲೆಗೆ, ಎರಡೆರಡೇ ಸುತ್ತು.

ಒರೆಸುವುದು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ, ಚಿಪ್ ಮತ್ತು ಕೂಲರ್ ತಳ ಎರಡನ್ನೂ. ಹೊಸ ಕೂಲರ್ ಆದರೆ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿರಾ ಅಂತ ಇನ್ನೊಂದು ಸಲ ನೋಡಿ, ನಗಬೇಡಿ, ಎಲ್ಲರೂ ಮರೆಯುತ್ತಾರೆ. ಪೇಸ್ಟ್ ಬಟಾಣಿ ಕಾಳಿನಷ್ಟು ನಡುವೆ ಇಡಿ. 12ನೇ ತಲೆಮಾರು ಮತ್ತು ಅದರ ನಂತರದ ಉದ್ದನೆಯ ಇಂಟೆಲ್ ಚಿಪ್‌ಗೆ ಒಂದು ಗೆರೆ, ದೊಡ್ಡ ಚಿಪ್‌ಗೆ ಗುಣಾಕಾರದ ಗುರುತು. ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ. ಸ್ವಲ್ಪ ಜಾಸ್ತಿಯಾದರೆ ಅಂಚಿನಲ್ಲಿ ಹೊರಗೆ ಬರುತ್ತದೆ, ಗಲೀಜು ಅಷ್ಟೇ. ಕಡಿಮೆಯಾದರೆ ತೊಂದರೆ. ಒಳ್ಳೆಯ ಪೇಸ್ಟ್‌ಗೂ ಸಾಧಾರಣ ಪೇಸ್ಟ್‌ಗೂ ಇರುವ ಅಂತರ ಸಾಮಾನ್ಯವಾಗಿ ಕೆಲವೇ ಡಿಗ್ರಿ. ಪೇಸ್ಟ್ ಬದಲು ಬಳಿಯುವ ದ್ರವ ಲೋಹ, ಅಂದರೆ ಲಿಕ್ವಿಡ್ ಮೆಟಲ್, ಹೊಸಬರಿಗೆ ಬೇಡ. ಅದು ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಂ ತಳವನ್ನು ತಿಂದುಹಾಕುತ್ತದೆ.

ಕೊನೆಗೆ ಫ್ಯಾನ್ ವೈರನ್ನು 'ಸಿಪಿಯು ಫ್ಯಾನ್' ಅಂತ ಬರೆದಿರುವ ಪಿನ್‌ಗೇ ಹಾಕಿ. ಬೇರೆ ಕಡೆ ಹಾಕಿದರೆ ಆನ್ ಆಗುವಾಗ ಸಿಪಿಯು ಫ್ಯಾನ್ ಎರರ್ ಬರಬಹುದು, ಫ್ಯಾನ್ ಪ್ರೊಸೆಸರಿನ ಬಿಸಿಗೆ ತಕ್ಕ ಹಾಗೆ ತಿರುಗದೇ ಇರಬಹುದು.

ಲಿಕ್ವಿಡ್ ಕೂಲರ್ ಇದ್ದವರಿಗೆ

ಮೇಲಿನ ಪರೀಕ್ಷೆಯೆಲ್ಲ ಒಂದೇ, ಜೊತೆಗೆ ಪಂಪ್ ನೋಡಬೇಕು. ಬಯಾಸ್‌ನಲ್ಲಿ ಪಂಪಿನ ವೇಗ ಸೊನ್ನೆ ಇದ್ದರೆ ವೈರ್ ಕಳಚಿದೆ ಅಥವಾ ಪಂಪ್ ಸತ್ತಿದೆ. ಭಾರೀ ಕೆಲಸ ನಡೆಯುವಾಗ ಎರಡೂ ಕೊಳವೆ ಮುಟ್ಟಿ ನೋಡಿ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಪಂಪನ್ನು ಫ್ಯಾನ್ ಕರ್ವ್‌ಗೆ ಬಿಡದೆ ಪೂರ್ತಿ ವೇಗದಲ್ಲಿ ಓಡಿಸಿ. ರೇಡಿಯೇಟರಿನ (ನೀರಿನ ಬಿಸಿ ಹೊರಹಾಕುವ, ಫ್ಯಾನ್ ಕೂರಿಸಿರುವ ಭಾಗ) ಮೇಲ್ತುದಿ ಪಂಪಿಗಿಂತ ಮೇಲೆ ಇರಬೇಕು. ಪಂಪ್ ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಒಳಗಿನ ಗಾಳಿ ಅಲ್ಲಿಯೇ ಸೇರಿ ಗುಳುಗುಳು ಸದ್ದು ಬರುತ್ತದೆ, ಪಂಪಿನ ಆಯಸ್ಸೂ ಕಡಿಮೆ.

ಇವು ಕಂಡರೆ ತಕ್ಷಣ ಆಫ್ ಮಾಡಿ

ಫ್ಯಾನ್ ತಿರುಗುತ್ತಲೇ ಇಲ್ಲ. ಸುಟ್ಟ ವಾಸನೆ. ಲಿಕ್ವಿಡ್ ಕೂಲರ್ ಕೆಳಗೆ ಒಂದು ಹನಿಯಾದರೂ ತೇವ. ಖಾಲಿ ಕೂತಾಗಲೇ ಟೆಂಪರೇಚರ್ ನಿಲ್ಲದೆ ಏರಿ ಪಿಸಿ ತಾನೇ ಆಫ್ ಆಗುವುದು. ಕೂಲರ್ ಇಲ್ಲದೆ "ಆನ್ ಆಗುತ್ತಾ ನೋಡೋಣ" ಅನ್ನುವ ಪ್ರಯೋಗವನ್ನೂ ಮಾಡಬೇಡಿ.

ಗೇಮ್ ಮಧ್ಯೆ ಪಿಸಿ ದಿಢೀರ್ ಆಫ್ ಆಯಿತು ಅಂದ ಮಾತ್ರಕ್ಕೆ ಬಿಸಿಯೇ ಕಾರಣ ಅಂದುಕೊಳ್ಳಬೇಡಿ. ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಕಾಣುವ ಕರ್ನಲ್ ಪವರ್ 41, ಪಿಸಿ ಸರಿಯಾಗಿ ಮುಚ್ಚದೆ ನಿಂತಿತು ಅಂತ ಹೇಳುತ್ತದೆಯೇ ಹೊರತು ಯಾಕೆ ಅಂತ ಹೇಳುವುದಿಲ್ಲ. ಎಚ್‌ಡಬ್ಲ್ಯೂಇನ್ಫೋದಲ್ಲಿ ಲಾಗಿಂಗ್ ಆನ್ ಮಾಡಿ ಗೇಮ್ ಆಡಿ. ಕೊನೆಯ ಸಾಲಿನಲ್ಲಿ 70 ಡಿಗ್ರಿ ಇದ್ದರೆ ಪವರ್ ಸಪ್ಲೈ ಕಡೆ ಅನುಮಾನ ತಿರುಗಿಸಿ.

ಹಂತ 8: ಮತ್ತೆ ಅದೇ ಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದು ಪರೀಕ್ಷೆ. ಪೇಸ್ಟ್, ಫ್ಯಾನ್ ದಿಕ್ಕು, ಬಯಾಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗದು. ಮೊದಲಿನದ್ದೇ ಹಾಳೆಯಲ್ಲಿ ಪಕ್ಕದ ಕಾಲಂನಲ್ಲಿ ಹೊಸ ನಂಬರ್ ಬರೆಯಿರಿ, ಕೋಣೆಯ ಟೆಂಪರೇಚರ್ ಸಮೇತ.

ಆ ಹಾಳೆಯನ್ನು ಕ್ಯಾಬಿನೆಟ್ಟಿನ ಹಿಂಬಾಗಿಲ ಒಳಗಡೆ ತಾರೀಖು ಹಾಕಿ ಅಂಟಿಸಿಡಿ, ಫ್ಯಾನ್‌ಗಳಿಂದ ದೂರ. ಮುಂದಿನ ಏಪ್ರಿಲ್‌ನಲ್ಲಿ ಒಂದು ಸಲ ಅದೇ ಪರೀಕ್ಷೆ ಮಾಡಿ. ಕೋಣೆ ಎಷ್ಟು ಬಿಸಿಯಾಗಿದೆಯೋ ಅಷ್ಟೇ ಡಿಗ್ರಿ ಏರಿದ್ದರೆ ಬಾಗಿಲು ಮುಚ್ಚಿ. ಅದಕ್ಕಿಂತ ಏಳೆಂಟು ಡಿಗ್ರಿ ಜಾಸ್ತಿ ಇದ್ದರೆ ಬ್ರಷ್ ತಗೊಂಡು 5ನೇ ಹಂತದಿಂದ ಶುರು ಮಾಡಿ.